ಪ್ರೆಷರ್ ಇಳಿಯುವ ಮುನ್ನ ಮುಚ್ಚಳ ತೆಗೆಯಬೇಡಿ

ಅಮೆರಿಕದಲ್ಲಿ ಪಿಎ, ಅಂದರೆ ಫಿಸಿಷಿಯನ್ ಅಸಿಸ್ಟೆಂಟ್ ಕೋರ್ಸಿಗೆ ಇಂಟರ್‌ವ್ಯೂ ಕೊಟ್ಟು ಮನೆಗೆ ಬಂದಿರುವ ಕನ್ನಡದ ಮಕ್ಕಳಿಗೆ ಅಭಿನಂದನೆಗಳು. ನಿಮ್ಮ ಹಿಂದೆಯೇ ‘ಕಾಯುವಿಕೆ’ ಎಂಬ ಉಪಕರಣವೂ ಮನೆ ಸೇರಿದೆ. ಇದನ್ನು ನೀವು ತರಿಸಿದ್ದಲ್ಲ, ವಾಪಸ್ ಕಳಿಸುವ ಹಾಗೂ ಇಲ್ಲ. ದಯವಿಟ್ಟು ಬಳಸುವ ಮುನ್ನ ಈ ಕೈಪಿಡಿಯನ್ನು ಓದಿಕೊಳ್ಳಿ.

1. ಪೆಟ್ಟಿಗೆಯಲ್ಲಿ ಏನೇನಿದೆ

ಚಾರ್ಜ್ ಇಳಿಯಲು ಬಿಡದ ಮೊಬೈಲು, ಒಂದು. ಒಂದೇ ದಿನ ಹಾಕಿದ ಕೋಟು, ಒಂದು. ‘ಡಾಕ್ಟರ್ ಯಾಕಲ್ಲ, ಪಿಎ ಯಾಕೆ?’ ಎಂಬ ಪ್ರಶ್ನೆಗೆ ಅದ್ಭುತವಾದ ಉತ್ತರ, ಒಂದು. ಈ ಉತ್ತರ ಇಂಟರ್‌ವ್ಯೂ ಕೋಣೆಯಲ್ಲಿ ಹೊಳೆಯುವುದಿಲ್ಲ. ಕಾರು ಪಾರ್ಕಿಂಗ್ ದಾಟಿ ರಸ್ತೆಗೆ ಬಂದ ಮೇಲೆ ತಾನಾಗಿ ಹೊರಬರುತ್ತದೆ. ಇದು ತಯಾರಿಕೆಯ ದೋಷವಲ್ಲ, ಎಲ್ಲ ಮಾದರಿಗಳಲ್ಲೂ ಹೀಗೇ.

2. ಅಜ್ಜಿಗೆ ವಿವರಿಸುವ ವಿಧಾನ

ಹಾಸನದ ಅಜ್ಜಿಯ ಬೆಳಗಿನ ಕಾಫಿಯ ಹೊತ್ತು ನ್ಯೂಜೆರ್ಸಿಯ ರಾತ್ರಿ ಎಂಟು ಗಂಟೆ. ವಿಡಿಯೋ ಕಾಲ್ ಆಗಲೇ ಬರುತ್ತದೆ. ‘ಸೀಟು ಸಿಕ್ತೇನೆ ಪುಟ್ಟಿ?’ ಎನ್ನುವುದು ಮೊದಲ ಪ್ರಶ್ನೆ. ‘ಡಾಕ್ಟರಿಗೆ ಅಸಿಸ್ಟೆಂಟು ಅಂದ್ರೆ ನಮ್ಮ ಕಾಲದ ಕಾಂಪೌಂಡರೇ ತಾನೆ?’ ಎನ್ನುವುದು ಎರಡನೆಯದು.

ಅಲ್ಲ ಅಜ್ಜಿ, ಎಂದು ಆರಂಭಿಸಿ. ಕಾಂಪೌಂಡರ್ ಡಾಕ್ಟರು ಬರೆದದ್ದನ್ನು ಕಟ್ಟಿಕೊಡುತ್ತಿದ್ದ. ಪಿಎ ರೋಗಿಯನ್ನು ತಾನೇ ಪರೀಕ್ಷಿಸಿ, ಕಾಯಿಲೆ ಗುರುತಿಸಿ, ಔಷಧಿ ಬರೆಯುತ್ತಾಳೆ. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ಈ ಕೋರ್ಸನ್ನು ಶುರು ಮಾಡಿದಾಗ ಇದ್ದದ್ದು ನಾಲ್ಕೇ ವಿದ್ಯಾರ್ಥಿಗಳು. ನಾಲ್ವರೂ ನೌಕಾಪಡೆಯಲ್ಲಿ ರೋಗಿಗಳನ್ನು ನೋಡಿಕೊಂಡು ಪಳಗಿದವರು. ಅವರಲ್ಲಿ ಮೂವರು 1967ರಲ್ಲಿ ಪಾಸಾಗಿ ಹೊರಬಂದರು. ಇಂದು 300ಕ್ಕೂ ಹೆಚ್ಚು ಕೋರ್ಸುಗಳಿವೆ. ಸುಮಾರು ಎರಡೂಕಾಲು ವರ್ಷದ ಓದು, ಕೈಗೆ ಮಾಸ್ಟರ್ಸ್ ಪದವಿ. ‘ಅಸಿಸ್ಟೆಂಟ್’ ಎಂಬ ಹೆಸರೇ ತಪ್ಪು ತಿಳುವಳಿಕೆಗೆ ದಾರಿ ಎಂದು ಅಲ್ಲಿನ ಪಿಎಗಳ ಸಂಘ 2021ರಲ್ಲಿ ‘ಅಸೋಸಿಯೇಟ್’ ಎಂಬ ಹೆಸರಿಗೆ ಮತ ಹಾಕಿತು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, ‘ಸರಿ ಸರಿ, ಸೀಟು ಯಾವಾಗ ಗೊತ್ತಾಗತ್ತೆ?’ ಎನ್ನುತ್ತಾರೆ. ಉಪಕರಣ ಸರಿಯಾಗಿ ಕೆಲಸ ಮಾಡುತ್ತಿದೆ ಎಂದರ್ಥ.

3. ಒಳಗೆ ಏನು ನಡೆಯುತ್ತದೆ

ಹೆಚ್ಚಿನ ಕಾಲೇಜುಗಳಿಗೆ ಅರ್ಜಿ ಹೋಗುವುದು ‘ಕಾಸ್ಪಾ’ ಎಂಬ ಒಂದೇ ಕಿಟಕಿಯಿಂದ. ಏಪ್ರಿಲ್ ಕೊನೆಗೆ ಅದು ತೆರೆಯುತ್ತದೆ. ಇಂಟರ್‌ವ್ಯೂಗಳು ಬೇಸಿಗೆಗೆ ಶುರುವಾದರೆ ಮರುವರ್ಷದ ವಸಂತದವರೆಗೂ ಎಳೆಯಬಹುದು. ಅನೇಕ ಕಡೆ ‘ರೋಲಿಂಗ್’ ಪದ್ಧತಿ: ಒಂದು ತಂಡ ಬರುತ್ತದೆ, ಕೆಲವು ಸೀಟು ಹೋಗುತ್ತದೆ, ಇನ್ನೊಂದು ತಂಡ ಬರುತ್ತದೆ. ಮದುವೆಮನೆಯ ಪಂಕ್ತಿ ಊಟವನ್ನು ನೆನೆಸಿಕೊಳ್ಳಿ. ಕೆಲವು ಕಾಲೇಜು ಪಂಕ್ತಿ ಎದ್ದ ಕೂಡಲೇ ಎಲೆ ಹಾಕುತ್ತವೆ. ಕೆಲವು ಕೊನೆಯ ನೆಂಟರು ಬಸ್ಸಿಳಿಯುವವರೆಗೂ ಅನ್ನಕ್ಕೆ ತಟ್ಟೆ ಮುಚ್ಚಿಟ್ಟಿರುತ್ತವೆ. ಆದ್ದರಿಂದ ಹತ್ತನೇ ದಿನದ ಮೌನಕ್ಕೂ ನಲವತ್ತನೇ ದಿನದ ಮೌನಕ್ಕೂ ಅರ್ಥದಲ್ಲಿ ವ್ಯತ್ಯಾಸವಿಲ್ಲ. ಎರಡಕ್ಕೂ ಅರ್ಥವೇ ಇಲ್ಲ.

4. ದಿನನಿತ್ಯದ ಬಳಕೆ

ಅ) ಇಂಟರ್‌ವ್ಯೂ ಮಾಡಿದವರಿಗೆ ಕೃತಜ್ಞತೆಯ ಪತ್ರ ಬರೆಯಿರಿ. ಕಳಿಸಿದ ಮೇಲೆ ಅದನ್ನು ಮತ್ತೆ ತೆರೆದು ನೋಡಬೇಡಿ. ಕಾಗುಣಿತದ ತಪ್ಪು ಅಲ್ಲೇ ಇರುತ್ತದೆ, ನಿಮಗಾಗಿ ಕಾಯುತ್ತಿರುತ್ತದೆ.

ಆ) ಈಮೇಲನ್ನು ದಿನಕ್ಕೆ ಎರಡು ಸಲ ನೋಡಿ, ಸ್ಪ್ಯಾಮ್ ಫೋಲ್ಡರನ್ನು ಒಂದು ಸಲ. ಗಂಟೆಗೆ ಇಪ್ಪತ್ತು ಸಲ ನೋಡುವುದರಿಂದ ಹೆಬ್ಬೆರಳು ನೋಯುತ್ತದೆಯೇ ಹೊರತು ಬೇರೆ ಪರಿಣಾಮ ಕಂಡುಬಂದಿಲ್ಲ.

ಇ) ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಗಂಟಲು ಸರಿಮಾಡಿಕೊಂಡು, ನಿಂತುಕೊಂಡು, ಎರಡನೇ ರಿಂಗಿಗೆ ಎತ್ತಿ. ಆ ಕಡೆಯವರು ನಿಮ್ಮ ಕಾರಿನ ವಾರಂಟಿ ಮುಗಿಯುತ್ತಾ ಬಂದಿದೆ ಎಂದು ತಿಳಿಸುತ್ತಾರೆ. ಧನ್ಯವಾದ ಹೇಳಿ ಕೂತುಕೊಳ್ಳಿ.

5. ಎಚ್ಚರಿಕೆ

ಅಮ್ಮ ಊರಿಂದ ಸೂಟ್‌ಕೇಸಿನಲ್ಲಿ ತಂದ ಕುಕ್ಕರಿನ ಪುಸ್ತಕದಲ್ಲಿ ಇರುವುದೇ ಇಲ್ಲಿಯೂ ಮುಖ್ಯ: ಪ್ರೆಷರ್ ಇಳಿಯುವ ಮುನ್ನ ಮುಚ್ಚಳಕ್ಕೆ ಕೈ ಹಾಕಬೇಡಿ. ಅಡ್ಮಿಷನ್ ಆಫೀಸಿಗೆ ಫೋನು ಮಾಡಿ ‘ಸುಮ್ಮನೆ ವಿಚಾರಿಸೋಣ ಅಂತ’ ಎನ್ನುವುದು ವೆಯ್ಟ್ ಎತ್ತಿ ನೋಡಿದ ಹಾಗೆ. ಅಕ್ಕಿ ಬೇಗ ಬೇಯುವುದಿಲ್ಲ, ಕೈ ಮಾತ್ರ ಸುಡುತ್ತದೆ. ಹೊಸ ಮಾರ್ಕ್ಸ್ ಕಾರ್ಡು, ಹೊಸ ಅನುಭವದ ವಿವರ ಕಳಿಸಬಹುದೇ ಎಂಬುದನ್ನು ಕಾಲೇಜಿನ ನಿಯಮದಲ್ಲೇ ಓದಿಕೊಳ್ಳಿ. ಕೆಲವರು ತೆಗೆದುಕೊಳ್ಳುತ್ತಾರೆ, ಕೆಲವರು ಬೇಡ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ.

ಶಕುನ ನೋಡುವುದೂ ನಿಷಿದ್ಧ. ಪ್ರೊಫೆಸರ್ ‘ನೀವು ಇಲ್ಲಿಗೆ ಬಂದಾಗ’ ಎಂದರೋ ‘ಬಂದರೆ’ ಎಂದರೋ ಎಂದು ಮಧ್ಯರಾತ್ರಿ ವ್ಯಾಕರಣ ಬಿಡಿಸಬೇಡಿ. ಹಲ್ಲಿ ಲೊಚಗುಟ್ಟಿದ್ದಕ್ಕೆ ಎಷ್ಟು ಅರ್ಥವೋ ಅವರು ತಲೆಯಾಡಿಸಿದ್ದಕ್ಕೂ ಅಷ್ಟೇ. ಅವರು ಅವತ್ತು ಎಲ್ಲರಿಗೂ ತಲೆಯಾಡಿಸಿದ್ದಾರೆ.

6. ತೊಂದರೆಗಳು ಮತ್ತು ಪರಿಹಾರ

ತೊಂದರೆ: ಜೊತೆಗೆ ಇಂಟರ್‌ವ್ಯೂ ಕೊಟ್ಟವಳಿಗೆ ಕರೆ ಬಂತು, ನನಗಿಲ್ಲ.
ಪರಿಹಾರ: ಅಭಿನಂದಿಸಿ. ಹಲ್ಲು ಕಚ್ಚಿಕೊಂಡು ಅಭಿನಂದಿಸಿದರೂ ನಡೆಯುತ್ತದೆ. ಅವಳಿಗೆ ಬೇರೆ ಎರಡು ಕಡೆ ಸೀಟಾಗಿ ಇದನ್ನು ಬಿಟ್ಟುಕೊಡಲೂಬಹುದು.

ತೊಂದರೆ: ವೇಟಿಂಗ್ ಲಿಸ್ಟಿನಲ್ಲಿ ಇದ್ದೇನೆ.
ಪರಿಹಾರ: ಮಾವನವರು ‘ಆರ್‌ಎಸಿ ಥರ ಅನ್ನು’ ಎಂದು ಸಮಾಧಾನ ಹೇಳುತ್ತಾರೆ. ಹೋಲಿಕೆ ಅರ್ಧ ಸರಿ. ನಮ್ಮ ರೈಲ್ವೆ ನಂಬರನ್ನಾದರೂ ಹೇಳುತ್ತದೆ. ಇಲ್ಲಿ ಅನೇಕ ಕಾಲೇಜುಗಳು ಅದನ್ನೂ ಹೇಳುವುದಿಲ್ಲ. ಆದರೆ ಪಟ್ಟಿ ಸರಿಯುವುದು ನಿಜ. ಸೀಟು ಹಿಡಿದಿಡಲು ಕಟ್ಟುವ ಡಿಪಾಸಿಟ್ಟಿನ ಗಡುವು ಬಂದಾಗ ಜನ ಕದಲುತ್ತಾರೆ, ತರಗತಿ ಶುರುವಾಗುವ ವಾರದಲ್ಲೂ ಕದಲುತ್ತಾರೆ.

ತೊಂದರೆ: ಅಜ್ಜಿ ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದಾರೆ.
ಪರಿಹಾರ: ಬೇಡ ಎನ್ನಬೇಡಿ. ಮಂಜುನಾಥನದೂ ರೋಲಿಂಗ್ ಪದ್ಧತಿಯೇ.

ತೊಂದರೆ: ‘ವಿಷಾದಿಸುತ್ತೇವೆ’ ಎಂದು ಈಮೇಲ್ ಬಂತು.
ಪರಿಹಾರ: ಅಳಬಹುದು, ಈ ಗುಂಡಿ ಉಪಕರಣದಲ್ಲೇ ಇದೆ. ಎಲ್ಲಿ ಕಡಿಮೆಯಾಯಿತು ಎಂದು ಹೇಳುವ ಕಾಲೇಜಾದರೆ ಕೇಳಿ ತಿಳಿದುಕೊಳ್ಳಿ. ಕಿಟಕಿ ಏಪ್ರಿಲ್‌ನಲ್ಲಿ ಮತ್ತೆ ತೆರೆಯುತ್ತದೆ. ನೀವು ದುಡಿದ ಗಂಟೆಗಳು ಎಲ್ಲಿಗೂ ಹೋಗುವುದಿಲ್ಲ.

7. ನಿರ್ವಹಣೆ

ಆ ಗಂಟೆಗಳ ಮಾತು ಬಂದಾಗ ನಗೆ ಪಕ್ಕಕ್ಕಿಡೋಣ. ಅರ್ಜಿಗೂ ಮೊದಲೇ ರೋಗಿಗಳ ಜೊತೆ ನೂರಾರು, ಸಾವಿರಾರು ಗಂಟೆ ದುಡಿದಿರಬೇಕೆಂದು ಅನೇಕ ಕೋರ್ಸುಗಳು ಕೇಳುತ್ತವೆ. ನೌಕಾಪಡೆಯ ಆ ನಾಲ್ವರಿಂದ ಬಂದ ಪದ್ಧತಿ ಇದು: ಮೊದಲು ಹಾಸಿಗೆಯ ಪಕ್ಕ, ಆಮೇಲೆ ಪುಸ್ತಕ. ಹಾಗಾಗಿ ನಿಮ್ಮಲ್ಲಿ ಒಬ್ಬರು ಆಂಬುಲೆನ್ಸಿನಲ್ಲಿದ್ದೀರಿ, ಒಬ್ಬರು ರಕ್ತ ತೆಗೆಯುತ್ತಿದ್ದೀರಿ, ಇನ್ನೊಬ್ಬರು ನರ್ಸಿಂಗ್ ಹೋಮಿನಲ್ಲಿ ವೃದ್ಧರ ಮಗ್ಗುಲು ಬದಲಿಸುತ್ತಿದ್ದೀರಿ.

ಅಲ್ಲಿ ನೀವು ದಿನವೂ ನೋಡುವುದು ಏನನ್ನು? ಕಾಯುವವರನ್ನು. ಬಯಾಪ್ಸಿ ರಿಪೋರ್ಟಿಗೆ, ಮಗನ ಫೋನಿಗೆ, ನೋವಿನ ಮಾತ್ರೆಯ ಹೊತ್ತಿಗೆ ಕಾಯುವವರನ್ನು. ಅವರಿಗೆ ಯಾರೂ ಕೈಪಿಡಿ ಕೊಟ್ಟಿಲ್ಲ. ‘ಇನ್ನೂ ಗೊತ್ತಾಗಿಲ್ಲ, ಗೊತ್ತಾದ ಕೂಡಲೇ ಬಂದು ಹೇಳುತ್ತೇನೆ’ ಎಂದು ಬಾಗಿಲಲ್ಲಿ ನಿಂತು ಒಬ್ಬರು ಹೇಳಿದರೆ ಆ ರಾತ್ರಿ ಅವರಿಗೆ ನಿದ್ದೆ ಬರುತ್ತದೆ. ನಿಮಗೆ ಆ ಮಾತನ್ನು ಯಾರೂ ಹೇಳಲಿಲ್ಲ. ಅದರ ಬೆಲೆ ಈಗ ನಿಮಗೆ ಗೊತ್ತು.

ನಾಳೆ ಬೆಳಿಗ್ಗೆ ಏಳಕ್ಕೆ ಶಿಫ್ಟ್ ಇದೆ. ಮೊಬೈಲನ್ನು ಲಾಕರಿನಲ್ಲಿಡಿ. ಯಾರ ಕೋಣೆಯ ಬೆಲ್ ಬಹಳ ಹೊತ್ತಿನಿಂದ ಹೊಡೆದುಕೊಳ್ಳುತ್ತಿದೆಯೋ, ಮೊದಲು ಅಲ್ಲಿಗೆ ಹೋಗಿ.