ಫೈಲ್‌ನಾಮ ಮೀಮಾಂಸೆ: ಶೆಲ್ ಕಾಂಡ, ರೈಟರ್ ಭಾಷ್ಯ ಸಮೇತ

ಮೂಡಿಗೆರೆ ಸೀಮೆಯ ಕಾಫಿ ತೋಟದ ಆಫೀಸಿನಲ್ಲಿ ಫೈಲಿಗೆ ಹೆಸರಿಡುವವರು ಸಾಹುಕಾರ್ರು. ಆ ಹೆಸರಿನಿಂದಾಗುವ ಅನಾಹುತಕ್ಕೆ ಬಾಧ್ಯಸ್ಥರು, ಹಳೆಯ ಫೈಲು ಗುಡಿಸಲು ಶೆಲ್ ಸ್ಕ್ರಿಪ್ಟು ಬರೆದಿಟ್ಟ ರೈಟರು. ಇದು ಪ್ರಥಮ ಪ್ರಮೇಯ. ಯುನಿಕ್ಸ್ ಆಚಾರ್ಯರು ಹೆಸರಿನೊಳಗೆ ನಿಷೇಧಿಸಿದ್ದು ಎರಡನ್ನೇ: ಓರೆಗೆರೆ ಮತ್ತು ಶೂನ್ಯ ಬೈಟು. ಖಾಲಿ ಜಾಗ, ನಕ್ಷತ್ರ, ಪ್ರಶ್ನಾರ್ಥಕ, ಕೊನೆಗೆ ಸಾಲು ಮುರಿಯುವುದು ಕೂಡ ಶಾಸ್ತ್ರಸಮ್ಮತ.

'ಖಾಲಿ ಜಾಗದ ಬದಲು ಅಡಿಗೆರೆ ಹಾಕಿ ಅಂತ ಸಾಹುಕಾರ್ರಿಗೆ ಹೇಳಿ' ಎಂಬುದು ಪೂರ್ವಪಕ್ಷ. ಹೀಗೆನ್ನುವವರು ಬೆಂಗಳೂರಿನಲ್ಲಿ ಕೂತವರು, ಯಾವ ಸಾಹುಕಾರ್ರಿಗೂ ಏನನ್ನೂ ಹೇಳಿದವರಲ್ಲ. ಆದ್ದರಿಂದ ಈ ಪಕ್ಷ ಖಂಡಿತವಾಯಿತು.

'ಬಟವಾಡೆ ಹಳೇದು' ಎಂಬ ಫೈಲನ್ನು ಅಳಿಸಬೇಕಿದೆ ಅನ್ನಿ. ಹೆಸರನ್ನು ಚರದಲ್ಲಿಟ್ಟು, ಉದ್ಧರಣ ಚಿಹ್ನೆಯಿಲ್ಲದೆ ಆರ್‌ಎಂ ಕೈಗೆ ಕೊಟ್ಟರೆ ಶೆಲ್ ಅದನ್ನು ಖಾಲಿ ಜಾಗದಲ್ಲಿ ಸೀಳಿ 'ಬಟವಾಡೆ', 'ಹಳೇದು' ಎಂದು ಎರಡು ಮಾಡುತ್ತದೆ. ಈ ವಾರದ 'ಬಟವಾಡೆ' ಪಕ್ಕದಲ್ಲೇ ಇದ್ದರೆ ಅದು ಹೋಯಿತು, ಹಳೇದು ಕ್ಷೇಮ. ಸಂಬಳಕ್ಕೆ ಸಾಲು ನಿಂತ ಆಳುಗಳಿಗೆ ಈ ಪದಚ್ಛೇದವನ್ನು ವಿವರಿಸಿ ಪಾರಾದ ರೈಟರ ಉಲ್ಲೇಖ ಯಾವ ಭಾಷ್ಯದಲ್ಲೂ ಇಲ್ಲ. ಇನ್ನೂ ಘೋರವಾದದ್ದು '* ಮುಖ್ಯ'. ಮರೆಯಬಾರದೆಂದು ಸಾಹುಕಾರ್ರು ಹಾಕಿದ ನಕ್ಷತ್ರ ಶೆಲ್ಲಿಗೆ 'ಫೋಲ್ಡರಿನಲ್ಲಿರುವುದೆಲ್ಲ' ಎಂದು ಕೇಳಿಸುತ್ತದೆ. ಪಲ್ಪರ್ ರಿಪೇರಿ ಬಿಲ್ಲಿನಿಂದ ಹೂಮಳೆಯ ಇಂಚು ಸೆಂಟಿನ ಲೆಕ್ಕದವರೆಗೆ ಸರ್ವನಾಶ (ಚುಕ್ಕಿಯಿಂದ ಶುರುವಾಗುವ ಹೆಸರುಗಳಿಗೆ ಮಾತ್ರ ವಿನಾಯಿತಿ).

ಎರಡಕ್ಕೂ ಪ್ರಾಯಶ್ಚಿತ್ತ ಒಂದೇ: ಡಾಲರ್ ಹೊತ್ತ ಚರವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಕೂರಿಸುವುದು. ಒಂಟಿ ಚಿಹ್ನೆ ಸಲ್ಲದು, ಅದರೊಳಗೆ ಡಾಲರಿಗೂ ಬೆಲೆಯಿಲ್ಲ. '-ರೊಬಸ್ಟಾ' ಎಂದು ಅಡ್ಡಗೆರೆಯಿಂದ ಶುರುವಾದ ಹೆಸರನ್ನು ಉದ್ಧರಣವೂ ಕಾಯದು. ಆರ್‌ಎಂ ಅದನ್ನು ತನಗೆ ಕೊಟ್ಟ ಆಯ್ಕೆಯೆಂದು ತಿಳಿದು ತಕರಾರು ತೆಗೆಯುತ್ತದೆ. ಮುಂದೆ './' ಹಚ್ಚಬೇಕು. ನಡುವೆ ಸಾಲು ಮುರಿದ ಹೆಸರುಗಳನ್ನು ಫೈಂಡ್ ಆಜ್ಞೆಯ 'ಪ್ರಿಂಟ್0' ಶೂನ್ಯ ಬೈಟಿನಿಂದ ಬೇರ್ಪಡಿಸಿ ಕೊಡುತ್ತದೆ. ಪೋಸಿಕ್ಸ್ ಮಾನದಂಡ ಇದನ್ನು ಒಪ್ಪಿದ್ದು 2024ರಲ್ಲಿ. ಶಾಸ್ತ್ರಕ್ಕೆಂಥ ಅವಸರ?

ಉಳಿದದ್ದು ಕೊಟ್ಟಿಗೆಹಾರ ಸಮಸ್ಯೆ. 'ಕೊ'ದ ಸ್ವರಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎಕಾರ ಊಕಾರಗಳ ಚಿಹ್ನೆಯೆಂದು ಎರಡು ತುಂಡಾಗಿಯೂ ಬರೆಯಬಹುದು. ಯುಟಿಎಫ್-8ರಲ್ಲಿ ಮೊದಲನೆಯ ಕೊಟ್ಟಿಗೆಹಾರ 33 ಬೈಟು, ಎರಡನೆಯದು 36. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವಿಲ್ಲ, ಲಿನಕ್ಸಿಗೆ ಮಾತ್ರ ಅವು ಎರಡು ಊರು. ಇಲ್ಲಿ ಉದ್ಧರಣದ ಆಟ ನಡೆಯದು. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಇಷ್ಟನ್ನೂ ನಿವೇದಿಸಿಕೊಂಡ ರೈಟರಿಗೆ ಸಾಹುಕಾರ್ರು ಎತ್ತಿದ ಆಕ್ಷೇಪ ಇನ್ನೂ ಇತ್ಯರ್ಥವಾಗಿಲ್ಲ: "ಹಂಗಾದ್ರೆ ನೀರುದೋಸೆ ಯಾವುದ್ರಲ್ಲಿ ಸಿಗುತ್ತೆ ರೈಟ್ರೇ?"