ಕೈಮರದ ಪ್ರವಾಸ

ನಮ್ಮ ಲಿಂಗದಹಳ್ಳಿಗೆಂದೇ ಬರುವವರು ಕಡಿಮೆ, ಲಿಂಗದಹಳ್ಳಿ ಮೇಲೆ ಹಾದುಹೋಗುವವರು ಬಹಳ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯುತ್ತಿದ್ದ ಕೆಮ್ಮಣ್ಣುಗುಂಡಿಗೆ ತರೀಕೆರೆಯಿಂದ ಹೊರಟ ಕಾರುಗಳೆಲ್ಲ ಇಲ್ಲಿ ಒಮ್ಮೆ ಗಾಜು ಇಳಿಸುತ್ತವೆ. ಹೋಟೆಲಿನ ಮುಂದೆ ಪೇಪರ್ ಹಿಡಿದು ಕೂತ ನಾನು, ಅವರು ಬಾಯಿ ತೆರೆಯುವ ಮೊದಲೇ ಕೈ ಎತ್ತಿರುತ್ತೇನೆ. ಹಿಂದೆ ಕವಲುದಾರಿಗಳಲ್ಲಿ ಕೈಮರ ನೆಡುತ್ತಿದ್ದರಲ್ಲ, ನಾನು ಆ ವಂಶದವನು. ಕೈಮರ ಊರಿಗೆಲ್ಲ ದಾರಿ ತೋರಿಸಿ, ತಾನು ನಿಂತಲ್ಲೇ ಗೆದ್ದಲು ಹಿಡಿಯುತ್ತದೆ.

ಕಳೆದ ವರ್ಷ ಮೊದಲ ಕೊಯ್ಲಿನ ಅಡಿಕೆ ದುಡ್ಡು ಕೈಗೆ ಬಂದಾಗ ನನ್ನಾಕೆ ಹೇಳಿದಳು: “ಊಟಿಗಾದ್ರೂ ಹೋಗಿ ಬರೋಣ ಕಣ್ರೀ. ಇಲ್ಲೇನಿದೆ ನೋಡೋಕೆ?” ಇಲ್ಲೇನೂ ಇಲ್ಲ ಎಂಬುದರಲ್ಲಿ ನಮ್ಮಿಬ್ಬರಿಗೂ ಒಮ್ಮತವಿತ್ತು. ದಾಂಪತ್ಯದಲ್ಲಿ ಅಂಥ ವಿಷಯಗಳು ಅಪರೂಪ. ಹೊರಟೇಬಿಟ್ಟೆವು.

ಮೆಟ್ಟುಪಾಳಯಂನಿಂದ ಊಟಿಗೆ 46 ಕಿಲೋಮೀಟರ್. ಪುಟಾಣಿ ರೈಲು ಅಷ್ಟನ್ನು ಏರಲು ಐದು ಗಂಟೆಯ ಹತ್ತಿರ ಏದುಸಿರು ಬಿಡುತ್ತದೆ. ಎದುರಿಗೆ ಬೆಂಗಳೂರಿನ ನಿವೃತ್ತರೊಬ್ಬರು. ನಮ್ಮದು ತರೀಕೆರೆ ಕಡೆ ಎಂದೊಡನೆ ಅವರ ಮುಖ ಅರಳಿತು. “ಅಮೃತಾಪುರ! 1196ರ ದೇವಸ್ಥಾನ, ವೀರಬಲ್ಲಾಳನ ಕಾಲದ್ದು. ಮೂರು ಸಲ ಬಂದಿದೀನಿ. ಗೋಡೆ ಮೇಲಿನ ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತೆ, ಗಮನಿಸಿದೀರಲ್ಲ?” ಗಮನಿಸಿದವನಂತೆ ತಲೆಯಾಡಿಸಿದೆ. ಅಮೃತಾಪುರಕ್ಕೆ ನಾವು ಹೋದದ್ದು ಒಂದೇ ಸಲ, ಮದುವೆಗೆ. ನನಗೆ ನೆನಪಿದ್ದದ್ದು ಚಿರೋಟಿ. “ಚಿರೋಟಿ ಅಲ್ಲ, ಹೋಳಿಗೆ” ಎಂದು ನನ್ನಾಕೆ ಕಿವಿಯಲ್ಲಿ ತಿದ್ದಿದಳು.

ಊಟಿಯ ಸಸ್ಯೋದ್ಯಾನ 1848ರಷ್ಟು ಹಳೆಯದು. ಅದಕ್ಕೆ ದಾರಿ ಕೇಳಿದರೆ ಟೀ ಅಂಗಡಿಯವನು ನಾವು ಬಾಯಿ ತೆರೆಯುವ ಮೊದಲೇ ಕೈ ಎತ್ತಿದ. ಒಳಗೆ ಹೋಗಿ ನೋಡಿದ್ದೀಯೇನಪ್ಪ ಎಂದರೆ ಹಲ್ಲುಬಿಟ್ಟ. ನಮ್ಮ ವಂಶ ಇಲ್ಲಿಯತನಕ ಹಬ್ಬಿದೆ ಎಂದು ಸಂತೋಷವಾಯಿತು.

ಮರುದಿನ ದೊಡ್ಡಬೆಟ್ಟ. ಹೆಸರು ಅಚ್ಚಗನ್ನಡ, ಎತ್ತರ 2,637 ಮೀಟರ್, ಕಂಡದ್ದು ಬರೀ ಮಂಜು. ಎಲ್ಲರೂ ಆಹಾ ಎಂದರು. ದುಡ್ಡು ಕೊಟ್ಟು ಹೋದ ಮೇಲೆ ನಾನೂ ಅಂದೆ. ಅಂದಮೇಲೆ ಮನಸ್ಸು ಚುಚ್ಚಿತು. ಇದೇ ಮಂಜು ಆಷಾಢದಲ್ಲಿ ನಮ್ಮ ತೋಟದವರೆಗೆ ಇಳಿದು ಬಂದರೆ ನನ್ನ ಬಾಯಲ್ಲಿ ಬರುವುದು ಆಹಾ ಅಲ್ಲ, ಶಾಪ. ಅಡಿಕೆಗೆ ಕೊಳೆರೋಗ, ಬೋರ್ಡೋ ದ್ರಾವಣ, ಮರ ಹತ್ತುವವರ ಕೂಲಿ. ಖರ್ಚಿನ ಬಾಬತ್ತು ಹೊತ್ತು ಬಂದದ್ದರಲ್ಲಿ ಸೌಂದರ್ಯ ಕಾಣಲು ನಾನೇನು ಕವಿಯೇ?

ವಾಪಸು ಬರುವಾಗ ತರೀಕೆರೆಯಿಂದ ಬೆಳಗಿನ ಬಸ್ಸು. ಬಾಬಾಬುಡನ್ ಗಿರಿಸಾಲು ನೀಲಿಯಾಗಿ ಎದ್ದು ನಿಂತಿತ್ತು. ಅಂಗಳಗಳಲ್ಲಿ ಬೇಯಿಸಿ ಹರವಿದ ಅಡಿಕೆ ಎಳೆಬಿಸಿಲಿಗೆ ಕೆಂಪಗೆ ಮಿರುಗುತ್ತಿತ್ತು. ಇದೆಲ್ಲ ಐವತ್ತು ವರ್ಷದಿಂದ ಅಲ್ಲೇ ಇತ್ತಂತೆ! ಮೊಬೈಲು ತೆಗೆದು ಕಿಟಕಿಯಾಚೆಗೆ ಫೋಟೋ ಹೊಡೆದದ್ದೇ ಹೊಡೆದದ್ದು. ಕಂಡಕ್ಟರ್ ನೋಡಿ ನೋಡಿ ಕರುಣೆಯಿಂದ ಹೇಳಿದ: “ಕೆಮ್ಮಣ್ಣುಗುಂಡಿಗಾ ಸಾರ್? ಲಿಂಗದಹಳ್ಳಿಲಿ ಇಳ್ಕೊಳ್ಳಿ, ಅಲ್ಲಿ ಯಾರನ್ನ ಕೇಳಿದ್ರೂ ದಾರಿ ಹೇಳ್ತಾರೆ.”

ಪ್ರವಾಸಿಯ ಆ ಕಣ್ಣು ನಾಲ್ಕು ದಿನ ಬಾಳಿತು. ಅದರ ಬಲದಲ್ಲೇ ಕಲ್ಲತ್ತಿಗಿರಿಗೆ ಹೋಗಿಬಂದೆವು. ಹರಕೆ ತೀರಿಸಲು ಎಷ್ಟೋ ಸಲ ಹೋದ ಜಾಗ. ವೀರಭದ್ರನಿಗೆ ಕೈಮುಗಿದು, ಕಾಯಿ ಒಡೆಸಿ, ಬಸ್ಸಿಗೆ ಹೊತ್ತಾಯಿತೆಂದು ಓಡಿಬರುತ್ತಿದ್ದೆವು. ಈ ಸಲ ಸುಮ್ಮನೆ ನಿಂತೆವು. 122 ಮೀಟರ್ ಮೇಲಿನಿಂದ ಬಂದ ನೀರು ಕಲ್ಲಿನ ಆನೆಗಳಿಗೆ ಮಜ್ಜನ ಮಾಡಿಸುತ್ತಿತ್ತು. ಆನೆಗಳಿದ್ದವೆಂದೇ ನನಗೆ ಗೊತ್ತಿರಲಿಲ್ಲ.

ಐದನೆಯ ದಿನ ಬೆಟ್ಟದ ಮೇಲೆ ಮೋಡ ಕವಿಯಿತು. “ಎಷ್ಟು ಚೆನ್ನಾಗಿದೆ ನೋಡ್ರೀ” ಎಂದಳು ನನ್ನಾಕೆ. ನಾನು ಅಂಗಳದಲ್ಲಿ ಒಣಹಾಕಿದ್ದ ಎರಡನೇ ಕೊಯ್ಲನ್ನು ನೋಡಿ, “ಟಾರ್ಪಾಲು ತಗೊಂಡು ಓಡಿ ಬಾರೇ!” ಎಂದು ಕಿರುಚಿದೆ.

ಈಗ ಮತ್ತೆ ಹೋಟೆಲಿನ ಮುಂದೆಯೇ ಕೂರುತ್ತೇನೆ. ಕಾರು ನಿಂತರೆ ತಕ್ಷಣ ಕೈ ಎತ್ತುವುದಿಲ್ಲ. ಅವರು ಬೆಟ್ಟದ ಕಡೆ ಬಾಯಿಬಿಟ್ಟು ನೋಡುವಷ್ಟು ಹೊತ್ತು ನಾನೂ ಅತ್ತಲೇ ನೋಡುತ್ತೇನೆ. ನೀವು ಈ ಕಡೆ ಬಂದರೆ ಮ್ಯಾಪು ಮುಚ್ಚಿ ನನ್ನನ್ನೇ ಕೇಳಿ. ಅಮೃತಾಪುರಕ್ಕೂ ಹೋಗುವವರಾದರೆ ಎರಡು ಸೀಟು ಖಾಲಿ ಇಟ್ಟುಕೊಂಡು ಬನ್ನಿ. ಚಿರೋಟಿಯೋ ಹೋಳಿಗೆಯೋ ಇನ್ನೂ ತೀರ್ಮಾನವಾಗಿಲ್ಲ.