ಕಲ್ಲು ತಂದಿರಿ, ಒಕ್ಕಲೂ ಬಂತು

ನಿಜ ಹೇಳಿ, ನಿನ್ನೆ ರಾತ್ರಿ ಒಂದೂವರೆಗೆ ಟಾರ್ಚಿಗೆ ಕೆಂಪು ಕಾಗದ ಸುತ್ಕೊಂಡು ಅಕ್ವೇರಿಯಂ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೋರು ನೀವೇ ತಾನೆ? (ಕಳ್ಳ ಬಂದ ಅಂತ ಮನೆಯವರು ಎದ್ದು ಬಂದದ್ದೂ ಗೊತ್ತು ಬಿಡಿ.) ಉಪ್ಪುನೀರಿನ ಮೀನು ಸಾಕೋರ ಹಣೆಬರಹವೇ ಅಷ್ಟು!

ಲೈವ್ ರಾಕ್ ತರುವಾಗ ಏನಂದ್ಕೊಂಡಿದ್ರಿ? ಸತ್ತ ಹವಳದ ತೂತುತೂತು ಕಲ್ಲು. ಒಳಗಿರೋ ಬ್ಯಾಕ್ಟೀರಿಯಾ ಮೀನಿನ ಗಲೀಜಿನ ಅಮೋನಿಯಾನ ನೈಟ್ರೈಟ್ ಮಾಡುತ್ತೆ, ನೈಟ್ರೈಟ್‌ನ ನೈಟ್ರೇಟ್ ಮಾಡುತ್ತೆ. ಪುಕ್ಕಟೆ ಕೂಲಿ ಅಂತ ಆಸೆಬಿದ್ರಿ! (ಮುರ್ಡೇಶ್ವರದ ಹತ್ತಿರ ನೇತ್ರಾಣಿ ಇದೆಯಲ್ಲ, ಅಲ್ಲೇ ಕಿತ್ತು ತರೋಣ ಅಂದೀರಾ, ಜೋಕೆ. ಹವಳಕ್ಕೂ 1972ರ ವನ್ಯಜೀವಿ ಕಾಯ್ದೆಯ ಕಾವಲಿದೆ.)

ಕಲ್ಲಿನ ಜೊತೆ ಒಕ್ಕಲೂ ಬಂತು. ಗಾಜಿನ ಮೇಲೆ ಸಾಸಿವೆಗಿಂತ ಸಣ್ಣ ಕೋಪೆಪಾಡ್‌ಗಳು ಪುಟಪುಟ ನೆಗೀತಾವೆ. ಸಂದಿಯಿಂದ ಬ್ರಿಸಲ್ ವರ್ಮ್ ತಲೆ ಹಾಕುತ್ತೆ, ಮೈಯೆಲ್ಲ ಬಿಳಿ ಮುಳ್ಳು, ಥೇಟ್ ಕಂಬಳಿಹುಳ. ಬೇಡ ಬೇಡ ಅಂದ್ರೂ ಬೆರಳು ಹಾಕಿದ್ರಿ. ಆಮೇಲೆ ಗಮ್ ಟೇಪ್ ಅಂಟಿಸಿ ಒಂದೊಂದೇ ಮುಳ್ಳು ಕಿತ್ಕೊಂಡ್ರಿ, ಅಲ್ವಾ?

ಇನ್ನು ಐಪ್ಟೇಸಿಯಾ ಅನ್ನೋ ಕಡಲ ಪ್ರಾಣಿ. ಕಂದು ಬಣ್ಣದ ಪುಟ್ಟ ಹೂವಿನ ಥರ ಇತ್ತು, 'ಅಯ್ಯೋ, ಚೆಂದ ಇದೆ' ಅಂತ ಫೋಟೊ ತೆಗೆದ್ರಿ. ವಾರ ಕಳೆದು ಸಿಟ್ಟು ಬಂದು ಬ್ಲೇಡಲ್ಲಿ ಕೆರೆದ್ರಿ. ಅದು ರಕ್ತಬೀಜಾಸುರನ ವಂಶ ಸ್ವಾಮಿ! ಬಿದ್ದ ಚೂರು ಚೂರೂ ಹೊಸ ಐಪ್ಟೇಸಿಯಾ. ಪೆಪ್ಪರ್‌ಮಿಂಟ್ ಸಿಗಡಿ ತಂದು ಬಿಟ್ಟಿದ್ರೆ ಅದನ್ನ ಮೆಲ್ಲಗೆ ಮೇಯ್ತಿತ್ತು.

ಸಮಾಧಾನ ಮಾಡ್ಕೊಳ್ಳಿ. 2009ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಅಕ್ವೇರಿಯಂ ಒಂದರಲ್ಲಿ ಹವಳಗಳು ತುಂಡಾಗ್ತಿದ್ವು, ಕಳ್ಳ ಸಿಗ್ತಿರಲಿಲ್ಲ. ಕಲ್ಲೆಲ್ಲ ಬಿಚ್ಚಿ ನೋಡಿದ್ರೆ ಸುಮಾರು ನಾಲ್ಕಡಿ ಉದ್ದದ ಹುಳ! (ಈಗ ನಿಮ್ಮ ಕಲ್ಲಿನ ಕಡೆ ತಿರುಗಿ ನೋಡಿದ್ರಿ, ನಾನು ಬಲ್ಲೆ.)

ನಿಮ್ಮ ತೊಟ್ಟೀಲಿ ಅಂಥದ್ದೇನೂ ಇರಲಾರದು. ಆದ್ರೂ ಬ್ರಿಸಲ್ ವರ್ಮ್ ಯಾಕೆ ಹೀಗೆ ಹೆಚ್ಚಾಯ್ತು ಹೇಳಿ ನೋಡೋಣ? 'ಪಾಪ, ಹಸಿದಿದೆ' ಅಂತ ಬೆಳಿಗ್ಗೆ ನೀವೊಂದು ಚಿಟಿಕೆ, ಮಧ್ಯಾಹ್ನ ಅತ್ತೆಯವರೊಂದು ಚಿಟಿಕೆ, ಸಂಜೆ ಮಗಳೊಂದು ಹಿಡಿ! ಮೀನು ತಿಂದು ಬಿಟ್ಟದ್ದು ಹುಳಕ್ಕೆ ಹಬ್ಬದೂಟ. ಪಾಪ, ಎಂಜಲು ಬಳಿದು ನೀರು ಕೆಡದ ಹಾಗೆ ನೋಡ್ಕೊಳ್ಳೋದೂ ಅದೇ.

ಊಟ ಬಡಿಸಿದವರು ನೀವು, ಬೈಗುಳ ಅದಕ್ಕಾ? ಇವತ್ತು ರಾತ್ರಿ ಟಾರ್ಚ್ ಒಳಗಿಟ್ಟು ಮಲಗಿ. ಮಲಗೋ ಮುಂಚೆ ಮೀನಿನ ತಿಂಡಿ ಡಬ್ಬೀನ ಅಟ್ಟದ ಮೇಲಿಡಿ.